ಛಲ ಬೇರೆ, ಹಠ ಬೇರೆ: ಚಿನ್ನದ ಗಣಿ ಕಲಿಸುವ ಪಾಠ



“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ಕೇಳದ ರೈತನಿಲ್ಲ. ಆದರೆ ಕೈ ಕೆಸರಾಗಿಯೂ ಬಾಯಿಗೆ ಮೊಸರು ಬಾರದ ವರ್ಷಗಳನ್ನು ನಮ್ಮ ಬಂಗಾರಪೇಟೆ ಸೀಮೆಯವರು ಎಷ್ಟೋ ಕಂಡಿದ್ದಾರೆ. ಉತ್ತು, ಬಿತ್ತಿ, ಕಳೆ ತೆಗೆದು ಕಾದ ಮೇಲೆ ಮಳೆ ಕೈಕೊಟ್ಟಿದೆ. ಸಾಲ ಮಾಡಿ ಕೊರೆಸಿದ ಕೊಳವೆ ಬಾವಿಯಿಂದ ನೀರಿನ ಬದಲು ಬರಿಯ ಕಲ್ಲುಪುಡಿ ಮೇಲೆದ್ದಿದೆ. ಇಷ್ಟು ನೊಂದವರ ಮುಂದೆ ನಿಂತು “ಇನ್ನೂ ಕಷ್ಟಪಡಿ, ಫಲ ಬಂದೇ ಬರುತ್ತದೆ” ಎಂದಷ್ಟೇ ಹೇಳಿದರೆ ಅದು ಪಾಠವಾಗದು.

ಆದ್ದರಿಂದ ಈ ಸಲ ಸ್ವಲ್ಪ ಬಿಡಿಸಿ ನೋಡೋಣ. ಎಂಥ ದುಡಿಮೆಗೆ ಫಲವುಂಟು? ಹಿಡಿದ ಕೆಲಸವನ್ನು ಎಲ್ಲಿಯವರೆಗೆ ಬಿಡಬಾರದು? ಎಲ್ಲಿ ದಾರಿಯನ್ನು ಬದಲಿಸಬೇಕು? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಹೊಲಗಳಿಂದ ಕಣ್ಣಿಗೆ ಬೀಳುವ ಕೋಲಾರ ಚಿನ್ನದ ಗಣಿಯ ಬೂದು ಬಣ್ಣದ ಸೈನೈಡ್ ದಿಬ್ಬಗಳೇ ಸಾಕು. ಆ ದಿಬ್ಬಗಳ ಹಿಂದೆ ನೂರಿಪ್ಪತ್ತು ವರ್ಷಗಳ ದುಡಿಮೆಯ ಕಥೆಯಿದೆ.

ಮಣ್ಣು ತೊಳೆದವರು

ಗಣಿಯಲ್ಲಿ ಚಿನ್ನ ಸಿಕ್ಕಿದ್ದು ಅದೃಷ್ಟದಿಂದ ಎಂದು ಹಲವರು ತಿಳಿದಿದ್ದಾರೆ. ನಡೆದದ್ದು ಹಾಗಲ್ಲ.

೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಮೈಸೂರು ಸೀಮೆಯ ಗಡಿಗಳನ್ನು ಅಳೆಯುವ ಕೆಲಸ ನಡೆಯಿತು. ಆ ಕೆಲಸದ ಮೇಲೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿ ೧೮೦೨ರಲ್ಲಿ ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಮಣ್ಣಿನಿಂದ ಚಿನ್ನ ತೆಗೆಯುತ್ತಾರೆಂಬ ಸುದ್ದಿ ಕೇಳಿದನು. ತೋರಿಸಿಕೊಟ್ಟವರಿಗೆ ಇನಾಮು ಕೊಡುವೆನೆಂದು ಸಾರಿದನು. ಹಳ್ಳಿಯವರು ಮಣ್ಣು ತಂದು ಅವನ ಎದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಗಂಡಸರು ಗುಂಡಿಯೊಳಗಿಂದ ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುವುದು, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ತೊಳೆಯುವುದು: ಹೀಗೆ ಕೆಲಸ ಸಾಗುತ್ತಿತ್ತು.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಿ. ಕಂಪನಿಗಳು ಬರುವುದಕ್ಕೆ ಬಹುಕಾಲ ಮುಂಚೆಯೇ ನಮ್ಮ ಸೀಮೆಯ ಹಳಬರಿಗೆ ಚಿನ್ನ ಎಲ್ಲಿದೆ ಎಂಬುದು ಗೊತ್ತಿತ್ತು. ಅವರು ತೋಡಿ ಬಿಟ್ಟಿದ್ದ ಗುಂಡಿಗಳು ಅಲ್ಲಲ್ಲಿ ಉಳಿದಿದ್ದವು. ಈ ಗುಂಡಿಗಳೇ ಮುಂದೆ ಕಥೆಯನ್ನು ತಿರುಗಿಸಿದವು.

ವಾರನ್ನನ ವರದಿಯನ್ನು ಸುಮಾರು ಎಪ್ಪತ್ತು ವರ್ಷಗಳ ತರುವಾಯ ಓದಿದವನು ಮೈಕೇಲ್ ಫಿಟ್ಜೆರಾಲ್ಡ್ ಲೆವೆಲ್ ಎಂಬ ನಿವೃತ್ತ ಐರಿಷ್ ಸೈನಿಕ. ೧೮೭೧ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಈತ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಬಂದು ನೆಲವನ್ನು ಪರೀಕ್ಷಿಸಿದನು. ೧೮೭೩ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, ೧೮೭೫ರ ಫೆಬ್ರವರಿಯಲ್ಲಿ ೨೦ ವರ್ಷಗಳ ಗುತ್ತಿಗೆ ಪಡೆದನು. ಗುಂಡಿಯನ್ನೂ ತೋಡಿಸಿದನು. ಆದರೆ ಗಣಿಗೆ ಬೇಕಾದಷ್ಟು ಹಣ ಒಬ್ಬನ ಕೈಯಲ್ಲಿ ಎಲ್ಲಿಂದ ಬರಬೇಕು? ೧೮೭೭ರಲ್ಲಿ ತನ್ನ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟನು.

ಬೊಕ್ಕಸ ಬರಿದಾದಾಗ

೧೮೮೦ರ ಹೊತ್ತಿಗೆ ಚಿನ್ನದ ಆಸೆ ಕಾಡ್ಗಿಚ್ಚಿನಂತೆ ಹಬ್ಬಿತು. ಹಲವು ಕಂಪನಿಗಳು ಹುಟ್ಟಿದವು. ಎಲ್ಲೆಂದರಲ್ಲಿ ಗುಂಡಿ ತೋಡಿದರು, ಹಣ ಸುರಿದರು, ಕಲ್ಲೇ ಬಂತು. ೧೮೮೦ರಲ್ಲಿ ಹುಟ್ಟಿದ ಮೈಸೂರು ಕಂಪನಿಯ ಪಾಡೂ ಅದೇ. ಕೂಡಿಸಿದ ಬಂಡವಾಳ ೧,೩೫,೦೦೦ ಪೌಂಡು. ಮೂರು ನಾಲ್ಕು ವರ್ಷ ಕಳೆಯುವುದರೊಳಗೆ ಕೈಯಲ್ಲಿ ಉಳಿದದ್ದು ಸುಮಾರು ೧೩,೦೦೦ ಪೌಂಡು, ಎಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಪಾಲುದಾರರಲ್ಲಿ ಅನೇಕರು “ಸಾಕು, ಉಳಿದದ್ದನ್ನು ಹಂಚಿಕೊಂಡು ಬಾಗಿಲು ಮುಚ್ಚೋಣ” ಎಂದರು.

ಆಗ ಕಂಪನಿಯ ವ್ಯವಹಾರ ನೋಡುತ್ತಿದ್ದ ಜಾನ್ ಟೇಲರ್ ಎಂಬವನು ಇನ್ನೊಂದು ಪ್ರಯತ್ನ ಮಾಡೋಣವೆಂದು ಅವರನ್ನು ಒಪ್ಪಿಸಿದನು. ೧೮೮೩ರಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಎಂಬ ನುರಿತ ಗಣಿಗಾರನನ್ನು ಇಲ್ಲಿಗೆ ಕಳುಹಿಸಿದರು. ಪ್ಲಮ್ಮರ್ ಮಾಡಿದ್ದೇನು ಎಂಬುದೇ ನಮ್ಮ ಪಾಠದ ತಿರುಳು. ಅವನು ಹಳೆಯ ಕಂಪನಿ ಗುಂಡಿಗಳನ್ನೇ ಇನ್ನಷ್ಟು ಆಳ ಮಾಡುತ್ತಾ ಕೂರಲಿಲ್ಲ. ಕಂಡಕಂಡಲ್ಲಿ ಹೊಸ ಗುಂಡಿಯನ್ನೂ ತೋಡಲಿಲ್ಲ. ಹಿಂದಿನ ಕಾಲದ ಹಳ್ಳಿಗರು ತೋಡಿ ಬಿಟ್ಟ ಗುಂಡಿಗಳನ್ನು ನೋಡಿದನು. ಕೆಲವು ಕಡೆ ಅವರು ಇನ್ನೂರು ಅಡಿಗೂ ಮಿಕ್ಕಿ ಇಳಿದಿದ್ದರು. ಯಂತ್ರವಿಲ್ಲದೆ, ಮದ್ದಿಲ್ಲದೆ ಅಷ್ಟು ಆಳಕ್ಕೆ ಇಳಿದವರು ಚಿನ್ನ ಕಾಣದೆ ಇಳಿದಿರಲಾರರು. ಅವರು ನಿಂತದ್ದು ಚಿನ್ನ ಮುಗಿದುದರಿಂದಲ್ಲ, ಮುಂದೆ ಇಳಿಯುವ ಸಾಧನ ಇಲ್ಲದ್ದರಿಂದ. ಹೀಗೆ ಯೋಚಿಸಿ ಅವರು ಬಿಟ್ಟ ತಳದ ಕೆಳಗೆ ಕೆಲಸ ನಡೆಸಿದನು. ೧೮೮೪–೮೫ರ ಹೊತ್ತಿಗೆ ಚಿನ್ನದ ದೊಡ್ಡ ನಾಳ ಸಿಕ್ಕಿತು. ಅದೇ ಹೆಸರಾಂತ ಚಾಂಪಿಯನ್ ನಾಳ.

ಗಮನಿಸಿ: ಎಲ್ಲರೂ ಕಷ್ಟಪಟ್ಟಿದ್ದರು. ಸೋತ ಕಂಪನಿಗಳ ಆಳುಗಳೂ ಬೆವರು ಸುರಿಸಿದ್ದರು. ವ್ಯತ್ಯಾಸವಿದ್ದದ್ದು ಬೆವರಿನಲ್ಲಲ್ಲ, ಗುರುತು ನೋಡಿ ದುಡಿದದ್ದರಲ್ಲಿ. ಗುರಿಯನ್ನು ಬಿಡದೆ, ಸೋತ ದಾರಿಯನ್ನು ಬಿಟ್ಟು, ಗುರುತು ಹಿಡಿದು ಮತ್ತೆ ದುಡಿಯುವುದು ಛಲ. ಸೋತ ದಾರಿಯಲ್ಲೇ ಕಣ್ಣು ಮುಚ್ಚಿ ಇನ್ನಷ್ಟು ಖರ್ಚು ಮಾಡುವುದು ಹಠ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ದುಡಿದವರ ಪಾಲು

ಚಿನ್ನ ಸಿಕ್ಕ ಮೇಲೆ ಸೀಮೆಯ ರೂಪವೇ ಬದಲಾಯಿತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ನಮ್ಮ ಬಂಗಾರಪೇಟೆಯಿಂದ ಗಣಿಗೆ ೧೮೯೪ರಲ್ಲಿ ರೈಲು ಬಂತು. ಬೇತಮಂಗಲದಿಂದ ಪಾಲಾರ್ ಹೊಳೆಯ ನೀರು ಕೊಳವೆಗಳಲ್ಲಿ ಹರಿಯಿತು. ೧೯೦೨ರ ಜೂನ್ ತಿಂಗಳಲ್ಲಿ ಕಾವೇರಿಯ ಶಿವನಸಮುದ್ರದಿಂದ ೯೨ ಮೈಲಿ ತಂತಿ ಎಳೆದು ವಿದ್ಯುತ್ತನ್ನು ತಂದರು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ್ದು ಆಗಿನ ಕಾಲಕ್ಕೆ ಪ್ರಪಂಚವೇ ಬೆರಗಾಗುವ ಸಂಗತಿ. ಗಣಿಯ ಆಳ ೧೦,೦೦೦ ಅಡಿಯನ್ನೂ ಮೀರಿತು. ಒಟ್ಟು ಸುಮಾರು ೮೦೦ ಟನ್ ಚಿನ್ನ ಹೊರಬಂತು.

ಇದನ್ನು ಹೊರತಂದವರು ಯಾರು? ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಹೊಟ್ಟೆಪಾಡಿಗೆ ಬಂದ ಬಡ ಕೂಲಿಗಳು. ಬಂಡೆಯೇ ಸುಡುವಷ್ಟು ಕಾವಿರುವ ಆಳದಲ್ಲಿ ಅವರು ದುಡಿದರು. ಬಂಡೆ ಸಿಡಿದು ಸತ್ತವರುಂಟು; ಕಲ್ಲಿನ ದೂಳು ಶ್ವಾಸಕೋಶಕ್ಕೆ ಸೇರಿ ಉಸಿರಿಗಾಗಿ ಒದ್ದಾಡಿದವರುಂಟು. ಲಾಭದ ದೊಡ್ಡ ಪಾಲು ದಶಕಗಳ ಕಾಲ ಲಂಡನ್ನಿನ ಪಾಲುದಾರರ ಮನೆ ಸೇರಿತು. ೧೯೫೬ರಲ್ಲಿ ಗಣಿ ಮೈಸೂರು ಸರ್ಕಾರದ ವಶಕ್ಕೆ ಬಂತು. ೧೯೬೨ರಲ್ಲಿ ಕೇಂದ್ರ ಸರ್ಕಾರದ್ದಾಯಿತು. ಆ ಹೊತ್ತಿಗೆ ಒಳ್ಳೆಯ ಅದಿರು ತೀರುತ್ತಾ ಬಂದಿತ್ತು. ಮೊದಮೊದಲು ಒಂದು ಟನ್ ಕಲ್ಲಿಗೆ ೪೦ ಗ್ರಾಂಗೂ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಏರಿತು, ಫಲ ಇಳಿಯಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಯನ್ನು ಮುಚ್ಚಿದರು. ಸಾವಿರಾರು ಮನೆಗಳ ಒಲೆ ತಣ್ಣಗಾಯಿತು. ಅವರ ಮಕ್ಕಳಲ್ಲಿ ಅನೇಕರು ಈಗಲೂ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ.

ಈ ಕಥೆಯಿಂದ ಎರಡು ಮಾತು ಕಲಿಯಬೇಕು. ಮೊದಲನೆಯದು: ದುಡಿಮೆಯ ಫಲ ದುಡಿದವನ ಕೈ ಸೇರುವಂತೆ ಏರ್ಪಾಡು ಇರಬೇಕು. ನಿಮ್ಮ ಹೊಲ ಸಣ್ಣದಾದರೂ ಅದರಲ್ಲಿ ಕಟ್ಟಿದ ಬದು, ಹಾಕಿದ ಗೊಬ್ಬರ ನಿಮ್ಮ ಮಕ್ಕಳಿಗೆ ಉಳಿಯುತ್ತದೆ. ಎರಡನೆಯದು: ಆಳಕ್ಕೆ ಇಳಿದಷ್ಟೂ ಫಲ ಹೆಚ್ಚುತ್ತದೆಂಬುದು ನಿಜವಲ್ಲ.

ಕೊಳವೆ ಬಾವಿಯ ಲೆಕ್ಕ

ಈ ಎರಡನೆಯ ಮಾತು ನಮ್ಮನ್ನು ನೇರವಾಗಿ ಹೊಲಕ್ಕೆ ಕರೆತರುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲ. ಪಾಲಾರ್ ಹೆಸರಿಗೆ ಹೊಳೆ. ಮಳೆ ಬಂದಾಗ ಮಾತ್ರ ನೀರು. ನಮ್ಮ ತಾತಂದಿರು ಇಪ್ಪತ್ತು ಮೂವತ್ತು ಅಡಿ ತೆರೆದ ಬಾವಿಯಿಂದ ಕಪಿಲೆ ಹೊಡೆದು ನೀರೆತ್ತಿದರು. ಆಮೇಲೆ ಕೊಳವೆ ಬಾವಿ ಬಂತು: ನೂರು ಅಡಿ, ಮುನ್ನೂರು ಅಡಿ, ಈಗ ಸಾವಿರ ಅಡಿಯನ್ನೂ ದಾಟಿ ಕೊರೆಯುವವರಿದ್ದಾರೆ. ಒಂದು ಬತ್ತಿದರೆ ಮತ್ತೊಂದು. ಅದೂ ಬತ್ತಿದರೆ ಒಡವೆ ಅಡವಿಟ್ಟು ಇನ್ನೊಂದು. “ಛಲ ಬಿಡಬಾರದು” ಎಂದು ಪಕ್ಕದವರು ಹುರಿದುಂಬಿಸುತ್ತಾರೆ.

ಇದು ಛಲವೇ, ಹಠವೇ? ನೆಲದ ಗುಣವನ್ನು ನೋಡಿ ಉತ್ತರ ಹೇಳಿ. ನಮ್ಮ ನೆಲದ ಕೆಳಗಿರುವುದು ಗಟ್ಟಿಯಾದ ಬಂಡೆ. ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಕೆಳಗೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಜಿಲ್ಲೆಯಲ್ಲಿ ನೆಲದೊಳಕ್ಕೆ ಇಂಗುವುದಕ್ಕಿಂತ ಮೇಲೆತ್ತುವುದೇ ಹೆಚ್ಚಾಗಿದೆಯೆಂದು ಸರ್ಕಾರದ ಅಂತರ್ಜಲ ಇಲಾಖೆಗಳು ವರ್ಷಗಳಿಂದ ಹೇಳುತ್ತಿವೆ. ಆಳದ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಹೆಚ್ಚಾಗಿದ್ದು, ಅದನ್ನು ಕುಡಿದವರ ಹಲ್ಲು ಮೂಳೆಗಳು ಕೆಡುತ್ತವೆ. ಮೇಲಿನಿಂದ ನೀರು ಇಂಗದೆ ಕೆಳಗಿನಿಂದ ಎಳೆಯುತ್ತಲೇ ಇದ್ದರೆ ಬರಿದಾದ ಕಣಜಕ್ಕೆ ಉದ್ದನೆಯ ಕೈ ಹಾಕಿದಂತೆ.

ಇನ್ನೊಂದು ಎಚ್ಚರಿಕೆ. ಮೈಸೂರು ಕಂಪನಿ ಕೊನೆಯ ಹಣ ಹೂಡಿ ಗೆದ್ದಿತೆಂದು ನೀವೂ ಕೊನೆಯ ಹಣವನ್ನು ಕೊಳವೆ ಬಾವಿಗೆ ಹೂಡಬೇಡಿ. ಆ ಹಣ ಹೋಗಿದ್ದರೆ ಲಂಡನ್ನಿನ ಪಾಲುದಾರನ ಮನೆಯಲ್ಲಿ ಅಂದಿನ ಊಟ ನಿಲ್ಲುತ್ತಿರಲಿಲ್ಲ. ರೈತನ ಕೊನೆಯ ಹಣವೆಂದರೆ ಬಿತ್ತನೆ ಬೀಜ, ಮಗಳ ಶಾಲೆಯ ಖರ್ಚು, ಹೆಂಡತಿಯ ತಾಳಿ. ಅದನ್ನು ಪಣಕ್ಕೊಡ್ಡುವುದು ದುಡಿಮೆಯಲ್ಲ, ಜೂಜು.

ಹಳಬರ ಗುರುತು

ಹಾಗಾದರೆ ಪ್ಲಮ್ಮರ್‌ನಂತೆ ನಾವು ನೋಡಬೇಕಾದ ಹಳಬರ ಗುರುತು ಯಾವುದು? ಅದು ನಮ್ಮ ಊರೂರಿನ ಕೆರೆ, ಕುಂಟೆ, ಕಾಲುವೆ. ಹೊಳೆಯಿಲ್ಲದ ಸೀಮೆಯಲ್ಲಿ ಹಳಬರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಅವರು ಲೆಕ್ಕ ಹಾಕದೆ ಕಟ್ಟಲಿಲ್ಲ.

ನಾವೂ ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು ೪೦,೦೦೦ ಲೀಟರ್ ನೀರು. ನಮ್ಮಲ್ಲಿ ಒಳ್ಳೆಯ ವರ್ಷದಲ್ಲಿ ೭೦ ಸೆಂಟಿಮೀಟರಿನಷ್ಟು ಮಳೆ ಬೀಳುತ್ತದೆ. ಎಂದರೆ ಒಂದು ಎಕರೆಗೆ ೨೮ ಲಕ್ಷ ಲೀಟರ್. ೫,೦೦೦ ಲೀಟರಿನ ಟ್ಯಾಂಕರಿನಲ್ಲಿ ತರುವುದಾದರೆ ೫೬೦ ಸಲ ತರಬೇಕಾದೀತು! ಇಷ್ಟು ನೀರು ತಾನಾಗಿ ಬಾಗಿಲಿಗೆ ಬರುತ್ತದೆ. ಅದರಲ್ಲಿ ಎಷ್ಟು ಹರಿದು ಹೋಗುತ್ತದೆ, ಎಷ್ಟು ನಿಲ್ಲುತ್ತದೆ ಎಂಬುದು ನಮ್ಮ ದುಡಿಮೆಗೆ ಸೇರಿದ ಮಾತು. ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆಲವು ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದು ಅಂತರ್ಜಲಕ್ಕೆ ಆಸರೆಯಾಗಬಹುದು. ಆದರೆ ನಮ್ಮ ಹೊಲದ ಮಳೆ ನೀರನ್ನು ಹಿಡಿದಿಡುವ ಕೆಲಸವನ್ನು ಬೇರೆ ಯಾರೂ ಮಾಡಿಕೊಡಲಾರರು.

ರಾಗಿಯ ಹಿಂದಿನ ತಾಳ್ಮೆ

ಬಿಡದ ದುಡಿಮೆಗೆ ನಮ್ಮ ತಟ್ಟೆಯಲ್ಲೇ ಇನ್ನೊಂದು ಉದಾಹರಣೆಯುಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯನವರನ್ನು ನಾಡು “ರಾಗಿ ಲಕ್ಷ್ಮಣಯ್ಯ” ಎಂದೇ ಕರೆಯುತ್ತದೆ. ರಾಗಿಯ ಹೂವು ಸಾಸಿವೆಗಿಂತ ದೊಡ್ಡದಲ್ಲ. ಬೆಳಗಿನ ಜಾವಕ್ಕೆ ಮುಂಚೆ ಅರಳಿ, ತನ್ನ ಪರಾಗವನ್ನೇ ತಾನು ಹೊಂದಿ ಕಾಳು ಕಟ್ಟುತ್ತದೆ. ಇಂಥ ಹೂವಿಗೆ ಬೇರೆ ತಳಿಯ ಪರಾಗ ಸೇರಿಸುವುದು ಬಹಳ ಕಷ್ಟ. ಸೇರಿಸಿದ ಮೇಲೂ ಮುಗಿಯಲಿಲ್ಲ. ಬಂದ ಕಾಳನ್ನು ಬಿತ್ತಿ, ಒಳ್ಳೆಯ ಗಿಡವನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಬೇಕು. ಒಂದು ತಳಿ ನಿಲ್ಲಲು ಆರೇಳು ಪೀಳಿಗೆ ಬೇಕು. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ, ಎರಡೂ ನೆಲಗಳ ಹೆಸರು ಸೇರಿದ “ಇಂಡಾಫ್” ತಳಿಗಳನ್ನು ಕೊಟ್ಟರು. ಅವುಗಳಿಂದ ಕನ್ನಡ ನಾಡಿನ ಎಷ್ಟೋ ಹೊಲಗಳಲ್ಲಿ ಇಳುವರಿ ಹೆಚ್ಚಿತು.

ಇಲ್ಲಿ ಕೊನೆಯ ಹಣದ ಪಣವಿಲ್ಲ, ನೆಲ ನಡುಗಿಸುವ ಯಂತ್ರವಿಲ್ಲ. ದಿನ ದಿನವೂ ಸಣ್ಣ ಕೆಲಸ. ಪ್ರತಿ ಬೆಳೆಯಲ್ಲೂ ಪರೀಕ್ಷೆ. ಪ್ರತಿ ಪರೀಕ್ಷೆಗೂ ಲೆಕ್ಕ. ರೈತನ ಛಲಕ್ಕೆ ಈ ಮಾದರಿಯೇ ಸರಿಯಾದದ್ದು.

ಈ ವರ್ಷ ಮಾಡತಕ್ಕ ಕೆಲಸ

೧. ಬೇಸಿಗೆಯಲ್ಲೇ ಬದುಗಳನ್ನು ಸರಿಪಡಿಸಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ. ಇಳಿಜಾರಿನ ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಮಣ್ಣು ಕೊಚ್ಚುವ ಕಾಲುವೆಯಾಗುತ್ತದೆ.

೨. ಹೊಲದ ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ತೋಡಿ. ಮೇಲೆ ೩೦ ಅಡಿ ಚದರ, ತಳದಲ್ಲಿ ೧೦ ಅಡಿ ಚದರ, ಆಳ ೧೦ ಅಡಿ ಇದ್ದರೆ ಸುಮಾರು ೧,೨೦,೦೦೦ ಲೀಟರ್ ಹಿಡಿಯುತ್ತದೆ. ಒಂದು ಎಕರೆ ರಾಗಿಗೆ ೩ ಸೆಂಟಿಮೀಟರ್ ಮಳೆ ಬಿದ್ದಷ್ಟು ನೀರು ಇದು. ನೀರು ಇಂಗಿ ಹೋಗದಂತೆ ಜೇಡಿ ಮಣ್ಣು ಅಥವಾ ಹಾಳೆ ಹಾಸಿ. ರಾಗಿ ತೆನೆ ಬರುವಾಗ ಮಳೆ ತಪ್ಪಿದರೆ ಈ ಒಂದು ನೀರು ಬೆಳೆಯನ್ನು ಉಳಿಸಬಲ್ಲುದು. ಮಕ್ಕಳು, ದನಕರು ಬೀಳದಂತೆ ಸುತ್ತಲೂ ತಪ್ಪದೆ ಬೇಲಿ ಕಟ್ಟಿ.

೩. ಕೆರೆಗೋಡು ಮಣ್ಣನ್ನು ಪಂಚಾಯಿತಿಯ ಅನುಮತಿ ಪಡೆದು ಹೊಲಕ್ಕೆ ಹೊಡೆಯಿರಿ. ಕೆರೆಗೆ ಆಳ, ಹೊಲಕ್ಕೆ ಸಾರ: ಒಂದು ಕೆಲಸಕ್ಕೆ ಎರಡು ಫಲ. ಕೆರೆಗೆ ನೀರು ತರುವ ಕಾಲುವೆಗಳನ್ನು ಊರವರು ಕೂಡಿ ಮಳೆಗೆ ಮುಂಚೆ ಬಿಡಿಸಿ.

೪. ಬಿತ್ತುವ ಮುನ್ನ ಬೀಜ ಪರೀಕ್ಷಿಸಿ. ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಂಡು, ಒಂದು ವಾರದ ಮೇಲೆ ಎಣಿಸಿ. ೭೫ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಬೆಂಕಿರೋಗ ಕಾಡುವ ಹೊಲಕ್ಕೆ ಅದನ್ನು ತಡೆಯಬಲ್ಲ ಜಿ.ಪಿ.ಯು.–೨೮ರಂಥ ತಳಿಗಳುಂಟು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

೫. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ ಹಾಕುವುದನ್ನು ಬಿಡಬೇಡಿ. ಒಂದು ಸೋತರೆ ಇನ್ನೊಂದು ಕೈ ಹಿಡಿಯುತ್ತದೆ. ನೆಲಕ್ಕೂ ಸಾರ ಸೇರುತ್ತದೆ.

೬. ಒಂದು ನೋಟುಪುಸ್ತಕ ಇಡಿ. ಬಿತ್ತಿದ ದಿನ, ಮಳೆ ಬಂದ ದಿನ, ಆದ ಖರ್ಚು, ಬಂದ ಇಳುವರಿ ಬರೆಯಿರಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಹೊಸ ವಿಧಾನವನ್ನು ಮೊದಲ ವರ್ಷ ಎಲ್ಲಾ ಹೊಲಕ್ಕೂ ಹಾಕದೆ ಹತ್ತು ಗುಂಟೆಯಲ್ಲಿ ಮಾತ್ರ ಮಾಡಿ ನೋಡಿ. ಸೋತರೆ ಹತ್ತು ಗುಂಟೆ ಮಾತ್ರ ಸೋಲುತ್ತೀರಿ. ಗೆದ್ದರೆ ಮುಂದಿನ ವರ್ಷ ಹೊಲವೆಲ್ಲಾ ನಿಮ್ಮದೇ.

ಇವುಗಳಲ್ಲಿ ಯಾವ ಕೆಲಸವೂ ಒಂದೇ ವರ್ಷಕ್ಕೆ ಮುಗಿಯುವಂಥದಲ್ಲ. ಬದು ಮೊದಲ ಮಳೆಗೆ ಒಡೆದೀತು; ಮತ್ತೆ ಕಟ್ಟಬೇಕು, ಒಡೆದದ್ದು ಏಕೆಂದು ನೋಡಿ ಕಟ್ಟಬೇಕು. ಹೊಂಡ ಒಂದು ವರ್ಷ ತುಂಬದೆ ಹೋದೀತು. ಹೂಳು ತೆಗೆದು ಮುಂದಿನ ಮಳೆಗೆ ಅಣಿಮಾಡಬೇಕು. ಮಳೆ ತರುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ಸುಮ್ಮನೆ ಹೋಗಗೊಡದಿರುವುದು ನಮ್ಮ ಕೈಯಲ್ಲಿದೆ.

ಕೂಡಿ ಓದಿ ಚರ್ಚಿಸಿರಿ

೧. ನಮ್ಮ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಕೊಳವೆ ಬಾವಿ ಕೊರೆದರು? ಈಗ ಎಷ್ಟರಲ್ಲಿ ನೀರಿದೆ? ಒಟ್ಟು ಖರ್ಚೆಷ್ಟು?

೨. ಅದೇ ಹಣದಲ್ಲಿ ನಮ್ಮ ಕೆರೆಯ ಕಾಲುವೆಗಳಿಗೆ ಏನೇನು ಮಾಡಬಹುದಿತ್ತು?

೩. ನಮ್ಮ ಹಿರಿಯರು ನೀರು ನಿಲ್ಲಿಸಲು ಕಟ್ಟಿದ್ದು, ನಾವು ಮರೆತು ಬಿಟ್ಟದ್ದು ಊರಿನಲ್ಲಿ ಎಲ್ಲೆಲ್ಲಿದೆ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ತೋರಿಸಿಕೊಳ್ಳಿ.

೪. ನಾವು ಈಗ ಬಿಡದೆ ಮಾಡುತ್ತಿರುವ ಕೆಲಸಗಳಲ್ಲಿ ಛಲ ಯಾವುದು, ಹಠ ಯಾವುದು?